ಘಾಟಿಯಲ್ಲಿ ಆಫ್ ಆಗುವ ಎಸ್‌ಯುವಿ: ಎರಡನೇ ಪಂಪ್ ಕೊಳ್ಳುವ ಮೊದಲು ಮಾಡಿದ ಕೆಲಸ

ಗಾಡಿ ನನ್ನದಲ್ಲ, ಭಾವನದ್ದು. 2014ರ ಪೆಟ್ರೋಲ್ ಎಸ್‌ಯುವಿ, ಸೆಕೆಂಡ್ ಹ್ಯಾಂಡ್, ಓಡಿದ್ದು 1.3 ಲಕ್ಷ ಕಿಲೋಮೀಟರ್ ಚಿಲ್ಲರೆ. ಕಂಪನಿಯ ಹೆಸರು ಇಲ್ಲಿ ಬೇಡ. ಕೊನೆಗೆ ಸಿಕ್ಕಿದ ದೋಷ ಯಾವ ಕಂಪನಿಯ ಗಾಡಿಯಲ್ಲೂ ಬರಬಹುದಾದದ್ದು.

ತೊಂದರೆ ಹೀಗೆ. ಪುತ್ತೂರಿನಿಂದ ಹೊರಟು ಉಪ್ಪಿನಂಗಡಿ, ನೆಲ್ಯಾಡಿ ದಾಟುವವರೆಗೆ ಏನೂ ಇಲ್ಲ. ಗುಂಡ್ಯ ಕಳೆದು ಶಿರಾಡಿ ಏರು ಹಿಡಿದು, ಮುಂದೆ ಟ್ಯಾಂಕರ್ ಲಾರಿಗಳ ಸಾಲು ಸಿಕ್ಕಿ, ಎಸಿ ಹಾಕಿಕೊಂಡು ಫಸ್ಟ್, ಸೆಕೆಂಡ್ ಗೇರಿನಲ್ಲೇ ತೆವಳುವಾಗ ಮೊದಲು ಒಂದೆರಡು ಜರ್ಕ್. ಆಮೇಲೆ ಆಕ್ಸಿಲರೇಟರ್ ತುಳಿದರೂ ಎಳೆತ ಇಲ್ಲ. ಆಮೇಲೆ ಇಂಜಿನ್ ಆಫ್. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಬಾನೆಟ್ ಎತ್ತಿ ಇಪ್ಪತ್ತು ನಿಮಿಷ ನಿಂತರೆ ಏನೂ ಆಗದ ಹಾಗೆ ಸ್ಟಾರ್ಟ್. ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕಡಿಮೆ ಇದ್ದ ದಿನ ಈ ಕಾಟ ಖಾತ್ರಿ, ಫುಲ್ ಟ್ಯಾಂಕ್ ಇದ್ದರೆ ಅಪರೂಪ.

ಇದನ್ನು ಬರೀ ಕಿರಿಕಿರಿ ಅಂತ ಬಿಡುವ ಹಾಗಿಲ್ಲ. ಇಂಜಿನ್ ನಿಂತ ಮೇಲೆ ಬ್ರೇಕ್ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ತುಳಿತಕ್ಕೆ ಮಾತ್ರ ಸಾಕು, ಮತ್ತೆ ಪೆಡಲ್ ಕಲ್ಲಿನ ಹಾಗೆ. ಹಿಂದೆ ಲಾರಿ, ಎಡಕ್ಕೆ ತಡೆಗೋಡೆ. ಇದೇ ತೊಂದರೆ ಇರುವವರಿಗೆ ಒಂದು ಮಾತು: ಆಫ್ ಆದ ಕೂಡಲೇ ಬ್ರೇಕನ್ನು ಪಂಪ್ ಮಾಡಬೇಡಿ, ಒಂದೇ ಸಲ ಒತ್ತಿ ಹಿಡಿದು ಬದಿಗೆ ತನ್ನಿ, ಹ್ಯಾಂಡ್ ಬ್ರೇಕ್ ಎಳೆಯಿರಿ.

ಸರ್ವಿಸ್ ಸೆಂಟರಿನಲ್ಲಿ ಸಿಕ್ಕಿದ ಉತ್ತರ, "ಸರ್, ಸ್ಕ್ಯಾನ್ ಮಾಡಿದೆವು, ಕೋಡ್ ಎಂತದೂ ಇಲ್ಲ." ಆದರೂ ಒಂದೂವರೆ ವರ್ಷದ ಹಿಂದೆ ಫ್ಯೂಯಲ್ ಪಂಪ್ ಮಾಡ್ಯೂಲ್ ಪೂರ್ತಿ ಬದಲಿಸಿ 18,500 ರೂಪಾಯಿ ಬಿಲ್ ಕೊಟ್ಟಿದ್ದರು. ಒಂದು ಬೇಸಿಗೆ ಸರಿಯಾಗಿ ಓಡಿತು. ಈ ಮಳೆಗಾಲ ಮುಗಿಯುವ ಹೊತ್ತಿಗೆ ಪುನಃ ಶುರು. ಈಗಲೂ ಪಂಪೇ ಹೋಗಿದೆ ಅನ್ನುತ್ತಾರೆ. "ಇನ್ನೊಂದು ಸಲ ಅಷ್ಟು ದುಡ್ಡು ಕೊಟ್ಟರೆ ಆ ಪಂಪಿಗೆ ನಾನು ಫ್ರೇಮ್ ಹಾಕಿಸಿ ಗೋಡೆಗೆ ತೂಗು ಹಾಕ್ತೇನೆ ಮಾರಾಯ," ಅಂತ ಭಾವ ಗಾಡಿಯ ಕೀಯನ್ನು ನನ್ನ ಕೈಗೆ ಕೊಟ್ಟರು.

ಕೋಡ್, ಅಂದರೆ ಗಾಡಿಯ ಕಂಪ್ಯೂಟರ್ ದಾಖಲಿಸುವ ದೋಷದ ಸಂಖ್ಯೆ, ಯಾಕೆ ಬರುವುದಿಲ್ಲ ಅನ್ನುವುದು ಮೊದಲು ಅರ್ಥವಾಗಬೇಕು. ಇಂಥ ಸಾಮಾನ್ಯ ಪೋರ್ಟ್ ಇಂಜೆಕ್ಷನ್ (ಪೆಟ್ರೋಲನ್ನು ಸಿಲಿಂಡರಿಗೆ ಹೋಗುವ ಗಾಳಿಯ ದಾರಿಯಲ್ಲಿ ಸಿಂಪಡಿಸುವ) ಗಾಡಿಗಳಲ್ಲಿ ಪೆಟ್ರೋಲ್ ಒತ್ತಡ ಅಳೆಯುವ ಸೆನ್ಸರೇ ಇರುವುದಿಲ್ಲ. ಪಂಪ್, ಪ್ರೆಶರ್ ರೆಗ್ಯುಲೇಟರ್, ಪೆಟ್ರೋಲಿನ ಮಟ್ಟ ತೋರಿಸುವ ಫ್ಲೋಟ್ ಎಲ್ಲ ಹಿಂದಿನ ಸೀಟಿನ ಕೆಳಗೆ ಟ್ಯಾಂಕಿನ ಒಳಗೆ. ಅಲ್ಲಿಂದ ಒಂದೇ ಪೈಪ್ ಮುಂದಕ್ಕೆ. ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಪಂಪಿಗೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇಯನ್ನು ಆನ್ ಮಾಡುತ್ತದೆ, ಒತ್ತಡ ಇದೆ ಅಂತ ನಂಬುತ್ತದೆ, ಇಂಜೆಕ್ಟರ್ ತೆರೆಯುತ್ತದೆ. ಒತ್ತಡ ಬಿದ್ದರೆ ಅದಕ್ಕೆ ತಿಳಿಯುವುದು ಸುತ್ತು ದಾರಿಯಲ್ಲಿ, ಆಕ್ಸಿಜನ್ ಸೆನ್ಸರ್ ಮೂಲಕ. ಅಷ್ಟರಲ್ಲಿ ಇಂಜಿನ್ ನಿಂತಿರುತ್ತದೆ.

ಇದೇ ಬಗೆಯ ದೂರುಗಳಿಗೆ ದೊಡ್ಡ ಚರಿತ್ರೆಯೇ ಇದೆ. ಅಮೆರಿಕದಲ್ಲಿ 2011ರ ಮಾಡೆಲಿನ ಜೀಪ್ ಗ್ರ್ಯಾಂಡ್ ಚೆರೋಕಿ ಮತ್ತು ಡಾಡ್ಜ್ ಡುರಾಂಗೋ ಮಾಲೀಕರು ಓಡುವಾಗಲೇ ಗಾಡಿ ಆಫ್ ಆಗುತ್ತದೆ, ಕೆಲವೊಮ್ಮೆ ಸ್ಟಾರ್ಟೇ ಆಗುವುದಿಲ್ಲ ಅಂತ ದೂರಿದ್ದರು. ಅಲ್ಲಿ ದೋಷ ಪಂಪಿನದ್ದಾಗಿರಲಿಲ್ಲ. ಬಾನೆಟ್ ಕೆಳಗಿನ ಪವರ್ ಮಾಡ್ಯೂಲ್ (ಫ್ಯೂಸ್, ರಿಲೇಗಳ ಪೆಟ್ಟಿಗೆ) ಒಳಗೆ ಕೂತಿದ್ದ ಫ್ಯೂಯಲ್ ಪಂಪ್ ರಿಲೇಯ ಕಾಂಟ್ಯಾಕ್ಟ್ ಸ್ಪ್ರಿಂಗ್ ಬಿಸಿಗೆ ಆಕಾರ ಕೆಡುತ್ತಿತ್ತು. 2014ರ ಸೆಪ್ಟೆಂಬರಿನಲ್ಲಿ ಅಮೆರಿಕವೊಂದರಲ್ಲೇ ಸುಮಾರು 1.89 ಲಕ್ಷ ಗಾಡಿಗಳ ರಿಕಾಲ್ ಆಯಿತು. ಪರಿಹಾರ ಏನೆಂದರೆ ಮಾಡ್ಯೂಲಿನ ಹೊರಗೆ ಬೇರೆ ರಿಲೇ, ಅಷ್ಟೇ. ಇದಕ್ಕೆ ಉಲ್ಟಾ ಕೇಸ್ ಡೆನ್ಸೋ ಎಂಬ ಜಪಾನಿ ಕಂಪನಿಯ ಪಂಪಿನದ್ದು. ಅಲ್ಲಿ ಪಂಪಿನ ಒಳಗಿನ ಪ್ಲಾಸ್ಟಿಕ್ ಇಂಪೆಲ್ಲರ್ (ಪೆಟ್ರೋಲನ್ನು ದೂಡುವ ಚಕ್ರ) ಪೆಟ್ರೋಲ್ ಹೀರಿ ಆಕಾರ ಕೆಟ್ಟು ಗೋಡೆಗೆ ಉಜ್ಜಿ ಸಿಕ್ಕಿಹಾಕಿಕೊಳ್ಳುತ್ತಿತ್ತು. 2020ರ ಜನವರಿಯಲ್ಲಿ ಟೊಯೋಟಾ ಅಮೆರಿಕದಲ್ಲಿ ಸುಮಾರು 7 ಲಕ್ಷ ಗಾಡಿ ವಾಪಸ್ ಕರೆಯಿತು, ಮಾರ್ಚ್ ಹೊತ್ತಿಗೆ ಅದು 18 ಲಕ್ಷಕ್ಕೆ ಏರಿತು. ನಮ್ಮಲ್ಲೂ 2024ರ ಅಕ್ಟೋಬರಿನಲ್ಲಿ ಹೋಂಡಾ ಇಂಡಿಯಾ ಇಂಪೆಲ್ಲರ್ ಕಾರಣಕ್ಕೇ 90 ಸಾವಿರಕ್ಕೂ ಹೆಚ್ಚು ಹಳೆಯ ಗಾಡಿಗಳಿಗೆ ಉಚಿತವಾಗಿ ಪಂಪ್ ಬದಲಿಸಿಕೊಡುವುದಾಗಿ ಹೇಳಿತು. ರಸ್ತೆಯಲ್ಲಿ ನಿಂತ ಮಾಲೀಕನ ಕಣ್ಣಿಗೆ ಈ ಎರಡು ಜಾತಿಯ ದೋಷವೂ ಒಂದೇ ಥರ ಕಾಣುತ್ತದೆ. ಆದ್ದರಿಂದ ಮೊದಲ ಕೆಲಸವಾಗಿ ಚಾಸಿಸ್ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ರಿಕಾಲ್ ಇದೆಯಾ ಅಂತ ನೋಡಿದೆ. ಭಾವನ ಗಾಡಿಗೆ ಇಲ್ಲ. 2021ರ ಏಪ್ರಿಲಿನಿಂದ ಜಾರಿಯಾದ ಕಡ್ಡಾಯ ರಿಕಾಲ್ ನಿಯಮವೂ ಏಳು ವರ್ಷ ದಾಟದ ಗಾಡಿಗಳಿಗೆ ಮಾತ್ರ, ಆ ದಾರಿಯೂ ಇಲ್ಲ.

ಅಂದರೆ ನಾವೇ ಹುಡುಕಬೇಕು.

ಗುಜರಿಯಿಂದ ತಂದ ಟಿ-ಜಾಯಿಂಟ್, 0ರಿಂದ 7 ಬಾರ್‌ವರೆಗಿನ ಒತ್ತಡ ಅಳೆಯುವ ಗೇಜ್, ಇಂಜೆಕ್ಷನ್ ಗಾಡಿಗಳಿಗೆಂದೇ ಬರುವ ಎಸ್‌ಎಇ 30ಆರ್9 ಗುರುತಿನ ಹೋಸ್ ಎರಡು ಮೀಟರ್, ನಾಲ್ಕು ಕ್ಲಿಪ್. ಮಾಮೂಲಿ ಹೋಸ್ ಹಾಕಲೇಬಾರದು, ಆ ಒತ್ತಡಕ್ಕೆ ಕ್ಲಿಪ್ಪಿನಿಂದ ಜಾರಿ ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ಚಿಮ್ಮಿಸಿಬಿಡುತ್ತದೆ. ಮೊದಲು ಪಂಪಿನ ಫ್ಯೂಸ್ ಕಿತ್ತು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಲೈನಿನ ಒತ್ತಡ ಇಳಿಸಿದೆ, ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ, ಆಮೇಲೆ ಟಿ-ಜಾಯಿಂಟ್ ಕೂರಿಸಿದೆ. ಗೇಜನ್ನು ವೈಪರಿನ ಬುಡದಲ್ಲಿ ಗ್ಲಾಸಿನ ಹೊರಗೆ ಟೇಪ್ ಹಾಕಿ ನಿಲ್ಲಿಸಿದೆ, ಒಳಗೆ ಕೂತು ಓದಬಹುದು. ಪೆಟ್ರೋಲ್ ತುಂಬಿದ ಹೋಸನ್ನು ಕ್ಯಾಬಿನ್ ಒಳಗೆ ತರುವ ಧೈರ್ಯ ಯಾರೂ ಮಾಡಬಾರದು. ಮತ್ತೊಂದು ಮಾತು: ಇದೆಲ್ಲ 3-4 ಬಾರ್‌ನ ಹಳೆಯ ಪೋರ್ಟ್ ಇಂಜೆಕ್ಷನ್ ಲೈನಿಗೆ ಮಾತ್ರ. ಈಗಿನ ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಗಾಡಿಯ ಹೈ ಪ್ರೆಶರ್ ಪೈಪಿನಲ್ಲಿ 100 ಬಾರ್ ಮೀರಿರುತ್ತದೆ, ಡೀಸೆಲ್ ಕಾಮನ್ ರೇಲಿನಲ್ಲಿ ಸಾವಿರ ದಾಟುತ್ತದೆ. ಆ ನಟ್ಟಿಗೆ ಸ್ಪ್ಯಾನರ್ ಹಾಕಲೇಬೇಡಿ.

ಅಂಗಳದಲ್ಲಿ, ತಣ್ಣಗಿರುವ ಇಂಜಿನ್‌ನಲ್ಲಿ ಗೇಜ್ 3.8 ಬಾರ್ ತೋರಿಸಿತು. ಕಂಪನಿ ಹೇಳುವುದೂ ಅಷ್ಟೇ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೂ ಮುಳ್ಳು ಹೆಚ್ಚು ಇಳಿಯಲಿಲ್ಲ, ಅಂದರೆ ಪಂಪಿನ ಚೆಕ್ ವಾಲ್ವ್, ರೆಗ್ಯುಲೇಟರ್, ಇಂಜೆಕ್ಟರ್‌ಗಳಲ್ಲಿ ಸೋರಿಕೆ ಇಲ್ಲ. ಸರ್ವಿಸ್ ಸೆಂಟರಿನಲ್ಲಿ ನೋಡಿದ್ದೂ ಇದನ್ನೇ ಇರಬೇಕು. ಆದರೆ ರೋಗ ಬರುವುದು ಘಾಟಿಯಲ್ಲಿ, ಬಿಸಿಯಲ್ಲಿ, ಕಾಲು ಟ್ಯಾಂಕಿನಲ್ಲಿ. ಹಾಗಾಗಿ ಘಾಟಿಗೇ ಹೋದೆವು. ಭಾವ ಡ್ರೈವಿಂಗ್, ನಾನು ಪಕ್ಕದಲ್ಲಿ, ಕಾಲಡಿಯಲ್ಲಿ ಡ್ರೈ ಪೌಡರ್ ಎಕ್ಸ್‌ಟಿಂಗ್ವಿಷರ್. ಏರು ಹತ್ತುತ್ತಾ 3.8 ಇದ್ದದ್ದು 3.3 ಆಯಿತು, ಸಾಲಿನಲ್ಲಿ ನಿಂತು ತೆವಳುವಾಗ 2.7. ಜರ್ಕ್ ಶುರು. 2.1ಕ್ಕೆ ಇಂಜಿನ್ ನಿಂತಿತು. "ನೋಡು, ಪಂಪೇ ಹೋದದ್ದು," ಅಂದರು ಭಾವ. ಒತ್ತಡ ಬಿತ್ತು ಅನ್ನುವುದಷ್ಟೇ ಖಾತ್ರಿಯಾದದ್ದು. ಪಂಪ್ ಯಾಕೆ ಒತ್ತುತ್ತಿಲ್ಲ ಅನ್ನುವುದು ಬೇರೆ ಪ್ರಶ್ನೆ. ಮೋಟರಿಗೆ ಅದರ ಕೂಲಿ, ಅಂದರೆ ವೋಲ್ಟ್, ಸರಿಯಾಗಿ ಸಿಗುತ್ತಿದೆಯಾ ಅಂತ ನೋಡದೆ ಅದನ್ನು ಸೋಮಾರಿ ಅನ್ನುವುದು ಸರಿಯಲ್ಲ.

ಮುಂದಿನ ಸಲಕ್ಕೆ ಹಿಂದಿನ ಸೀಟ್ ಎತ್ತಿ, ಪಂಪಿನ ಕನೆಕ್ಟರಿನ ಹಿಂಬದಿಯಿಂದ ಎರಡು ತೆಳು ಪಿನ್ ತೂರಿಸಿ, ಅವಕ್ಕೆ ಫ್ಯೂಸ್ ಹಾಕಿದ ಉದ್ದನೆಯ ವೈರ್ ಕಟ್ಟಿ ಮುಂದಿನ ಸೀಟಿಗೆ ಮಲ್ಟಿಮೀಟರ್ ತಂದೆ. ರಿಲೇ ಪೆಟ್ಟಿಗೆಯಲ್ಲಿ ಪಂಪಿಗೆ ಹೋಗುವ ವೈರಿಗೆ, ಹರಿಯುವ ಆಂಪಿಯರ್ ನೋಡಲು, ಡಿಸಿ ಕ್ಲ್ಯಾಂಪ್ ಮೀಟರ್.

ಇಲ್ಲಿ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಕಥೆ ಇರುವುದು ಇದರಲ್ಲಿ. ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕನೆಕ್ಟರ್ ಬಿಚ್ಚಿ, ಬಿಚ್ಚಿದ ಬಾಯಿಗೆ ಮೀಟರ್ ಇಟ್ಟು ನೋಡುತ್ತಾರೆ. 12 ವೋಲ್ಟ್ ಕಾಣುತ್ತದೆ. "ಕರೆಂಟ್ ಬರ್ತಾ ಉಂಟು, ಪಂಪ್ ಡೆಡ್" ಅನ್ನುತ್ತಾರೆ. ಮಲ್ಟಿಮೀಟರ್ ಎಳೆಯುವ ಕರೆಂಟ್ ಹೆಚ್ಚುಕಡಿಮೆ ಸೊನ್ನೆ. ದಾರಿಯಲ್ಲಿ ಎಷ್ಟೇ ತುಕ್ಕು ಇರಲಿ, ಕರೆಂಟ್ ಹರಿಯದಿದ್ದರೆ ಅಲ್ಲಿ ವೋಲ್ಟ್ ಕಳೆದುಹೋಗುವುದಿಲ್ಲ. ಹರಿದಾಗ ಮಾತ್ರ ಕಳೆದುಹೋಗುತ್ತದೆ. ಸಣ್ಣ ಎಲ್‌ಇಡಿ ಟೆಸ್ಟ್ ಲ್ಯಾಂಪಿಗೂ ಇದೇ ಮಾತು, ಅರ್ಧ ಎಳೆ ತಂತಿಯಲ್ಲೂ ಚೆನ್ನಾಗಿ ಉರಿಯುತ್ತದೆ. ಹಾಗಾಗಿ ಕನೆಕ್ಟರ್ ಹಾಕಿಯೇ ಇರಬೇಕು, ಪಂಪ್ ತಿರುಗುತ್ತಿರಬೇಕು, ಆಗ ಅಳೆಯಬೇಕು.

ಅಂಗಳದಲ್ಲಿ ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.0, ಪಂಪಿನ ಕನೆಕ್ಟರಿನಲ್ಲಿ 12.4. ಆಗಲೇ 1.6 ವೋಲ್ಟ್ ದಾರಿಯಲ್ಲಿ ಮಾಯ. ಘಾಟಿಯಲ್ಲಿ ಜರ್ಕ್ ಬರುವ ಹೊತ್ತಿಗೆ ಬ್ಯಾಟರಿ ಅಷ್ಟೇ, ಕನೆಕ್ಟರಿನಲ್ಲಿ 10.1. ಕ್ಲ್ಯಾಂಪಿನಲ್ಲಿ 5.5 ಆಂಪಿಯರ್. ಪಂಪ್ ಹೆಚ್ಚು ಎಳೆಯುತ್ತಲೂ ಇಲ್ಲ, ಜಾಮ್ ಆಗಿಯೂ ಇಲ್ಲ. ಒಳಗೆ ಇಂಪೆಲ್ಲರ್ ಸಿಕ್ಕಿಹಾಕಿಕೊಂಡಿದ್ದರೆ ಆಂಪಿಯರ್ ಜಿಗಿಯಬೇಕಿತ್ತು.

ಬದಿಗೆ ನಿಲ್ಲಿಸಿ, ಬಿಸಿ ಆರುವ ಮೊದಲು, ಪಂಪ್ ಓಡುತ್ತಿರುವಾಗಲೇ ವೋಲ್ಟ್ ಎಲ್ಲಿ ಸೋರುತ್ತಿದೆ ಅಂತ ಹಂತ ಹಂತವಾಗಿ ಹುಡುಕಿದೆವು. ಬ್ಯಾಟರಿ ಪಾಸಿಟಿವ್‌ನಿಂದ ಕನೆಕ್ಟರಿನ ಪಾಸಿಟಿವ್‌ವರೆಗೆ 0.9, ಅದರಲ್ಲಿ ರಿಲೇಗೆ ಕರೆಂಟ್ ಬರುವ ಮತ್ತು ಹೊರಡುವ 30 ಮತ್ತು 87ನೇ ಪಿನ್ನುಗಳ ನಡುವೆ 0.2. ಹತ್ತು ದಾಟಿದ ಗಾಡಿಗೆ ಇದು ತೀರಾ ಕೆಟ್ಟದ್ದಲ್ಲ. ಕನೆಕ್ಟರಿನ ನೆಗೆಟಿವ್‌ನಿಂದ ಬ್ಯಾಟರಿ ನೆಗೆಟಿವ್‌ವರೆಗೆ ಬರೋಬ್ಬರಿ 3.0 ವೋಲ್ಟ್! ಇದು ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಎಲ್ಲರೂ ಪ್ಲಸ್ ಬದಿಯನ್ನೇ ನೋಡುತ್ತಾರೆ. ಅರ್ಥಿಂಗ್ ಬದಿಯನ್ನು, ಅಂದರೆ ಕರೆಂಟ್ ಗಾಡಿಯ ತಗಡಿನ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿಯನ್ನು, ಕೇಳುವವರಿಲ್ಲ.

ಕಪ್ಪು ವೈರನ್ನು ಹಿಂಬಾಲಿಸಿದರೆ ಅದು ಸೀಟಿನ ಕೆಳಗಿನ ಕಾರ್ಪೆಟ್ ಅಡಿಗೆ ಹೋಗಿ, ಎಡಬದಿಯ ಬಾಗಿಲಿನ ಹತ್ತಿರ ಗಾಡಿಯ ತಗಡಿಗೆ ಬೋಲ್ಟ್ ಆಗಿತ್ತು. ಕಾರ್ಪೆಟ್ ಎತ್ತಿದಾಗ ಮೂಗಿಗೆ ಬಂದದ್ದು ಹಳೆ ಗೋಣಿಯ ಕಮಟು. ಕೆಳಗಿನ ಫೋಮ್ ಹಿಂಡಿದರೆ ನೀರು. ಬೋಲ್ಟಿನ ತಲೆ ಕಂದು ಬಣ್ಣದ ಪುಡಿಯಲ್ಲಿ ಹೂತಿತ್ತು. ಅದರ ಕೆಳಗೆ, ವೈರಿನ ತುದಿಗೆ ಹಾಕುವ ಲೋಹದ ಉಂಗುರವಾದ ಲಗ್‌ನ ಬೆಳ್ಳಗಿನ ಲೇಪ ಹೋಗಿ ತಾಮ್ರ ಕಪ್ಪಾಗಿತ್ತು, ಲಗ್ಗಿಗೆ ವೈರ್ ಸೇರುವ ಜಾಗದಲ್ಲಿ ಹಸಿರು ಹುಡಿ. ಮೀಟರಿನ ಒಂದು ಮೊನೆ ಲಗ್ ಮೇಲೆ, ಇನ್ನೊಂದು ಪಕ್ಕದ ಪೇಂಟ್ ಕೆರೆದ ತಗಡಿನ ಮೇಲೆ ಇಟ್ಟರೆ 2.6 ವೋಲ್ಟ್. ಅಷ್ಟು ಸಣ್ಣ ಜಾಗದಲ್ಲಿ 2.6 ವೋಲ್ಟ್, 5.5 ಆಂಪಿಯರ್, ಅಂದರೆ ಸುಮಾರು 14 ವಾಟ್ ಶಾಖ. ಬೋಲ್ಟಿಗೆ ಬೆರಳು ಇಟ್ಟ ಭಾವ, "ಅಬ್ಬ!" ಅಂತ ಕೈ ಹಿಂದೆ ತೆಗೆದರು. ಬಿಸಿ ಏರಿದಷ್ಟೂ ತುಕ್ಕಿನ ಜೋಡಣೆ ಇನ್ನೂ ಸಡಿಲವಾಗುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಇಪ್ಪತ್ತು ನಿಮಿಷದ ರಹಸ್ಯದಲ್ಲಿ ಅರ್ಧ ಇದು.

ಉಳಿದರ್ಧ ಪಂಪಿನದ್ದು. ಟ್ಯಾಂಕಿನ ಒಳಗಿನ ಪಂಪಿಗೆ ಸುತ್ತಲಿನ ಪೆಟ್ರೋಲೇ ಕೂಲಂಟ್. ಕಾಲು ಟ್ಯಾಂಕಿನಲ್ಲಿ ಅದು ಕಡಿಮೆ, ಇದ್ದದ್ದೂ ಬೇಗ ಬಿಸಿ. ತಾಮ್ರದ ಸುರುಳಿ 40 ಡಿಗ್ರಿ ಹೆಚ್ಚು ಕಾದರೆ ಅದರ ರೆಸಿಸ್ಟೆನ್ಸ್ ಸುಮಾರು ಶೇ. 16 ಏರುತ್ತದೆ. ಬಿಸಿ ಪೆಟ್ರೋಲ್ ಪಂಪಿನ ಬಾಯಲ್ಲೇ ಆವಿಯಾಗುತ್ತದೆ. ಇದರ ಮೇಲೆ ವೋಲ್ಟೂ 10ಕ್ಕೆ ಇಳಿದರೆ ಒತ್ತಡ ಎಲ್ಲಿಂದ ಬರಬೇಕು?

ನೀರು ಎಲ್ಲಿಂದ ಬಂತು? ಸನ್‌ರೂಫ್. ಗಾಡಿ ನಿಲ್ಲುವುದು ಮಾವಿನ ಮರದ ಕೆಳಗೆ. ಸನ್‌ರೂಫಿನ ಮೂಲೆಗಳಿಂದ ಗಾಡಿಯ ಛಾವಣಿ ಹೊರುವ ಕಂಬದ ಒಳಗೆ ಇಳಿಯುವ ಸಪೂರ ಡ್ರೈನ್ ಪೈಪಿನಲ್ಲಿ ಎಲೆ, ಮಾವಿನ ಹೂವಿನ ಕಸ ಗಟ್ಟಿಯಾಗಿ ಕೂತಿತ್ತು. ಮಳೆ ನೀರು ಹೊರಗೆ ಹೋಗದೆ ಒಳಗೆ ಇಳಿದು ಕಾರ್ಪೆಟ್ ಅಡಿಯಲ್ಲಿ ತಂಗುತ್ತಿತ್ತು. ಸೈಕಲ್ ಬ್ರೇಕಿನ ನೈಲಾನ್ ಹೊರಕವಚ ತೂರಿಸಿ ಕಸ ಮೆಲ್ಲಗೆ ದೂಡಿದೆ. ಏರ್ ಗನ್ ಹಿಡಿಯಬಾರದು, ಒಳಗೆ ಪೈಪಿನ ಜೋಡಣೆಯೇ ಕಳಚಿಕೊಳ್ಳುತ್ತದೆ.

ರಿಪೇರಿ ಕೆಲಸ ಹೆಚ್ಚಿಲ್ಲ. ಕೆಟ್ಟ ತಾಮ್ರ ಮುಗಿದು ಹೊಳೆಯುವ ಎಳೆ ಕಾಣುವವರೆಗೆ ವೈರ್ ಕತ್ತರಿಸಿ, ಹೊಸ ಟಿನ್ ಲೇಪದ ಲಗ್ ಕ್ರಿಂಪ್ ಮಾಡಿ, ಅಂಟು ಒಳಗಿರುವ ಹೀಟ್ ಶ್ರಿಂಕ್ ಹಾಕಿದೆ. ತಗಡನ್ನು ಬಿಳಿ ಆಗುವವರೆಗೆ ಉಜ್ಜಿ, ಸ್ಟಾರ್ ವಾಷರ್ ಕೊಟ್ಟು ಬಿಗಿಸಿ, ಬಿಗಿಸಿದ ಮೇಲೆ ಪೇಂಟ್. ಇಷ್ಟು ಸಾಲದು ಅಂತ 2.5 ಸ್ಕ್ವೇರ್ ಎಂಎಂ ವೈರಿನಲ್ಲಿ ಇನ್ನೊಂದು ಅರ್ಥಿಂಗ್ ಅನ್ನು ಸೀಟ್ ಬೆಲ್ಟಿನ ಬೋಲ್ಟಿನಿಂದ ದೂರ, ಒಣಗಿರುವ ಎತ್ತರದ ಜಾಗಕ್ಕೆ ಕೊಟ್ಟೆ. ಸೀಟ್ ಬೆಲ್ಟಿನ ಬೋಲ್ಟಿಗೇ ಅರ್ಥಿಂಗ್ ಕಟ್ಟುವವರಿದ್ದಾರೆ, ದಯವಿಟ್ಟು ಬೇಡ. ಕಾರ್ಪೆಟ್ ಒಣಗಿಸುವುದೇ ದೊಡ್ಡ ಕೆಲಸ, ಅದನ್ನು ಬಿಸಿಲು ನೋಡಿಕೊಂಡಿತು.

ಈಗ ಕನೆಕ್ಟರಿನಲ್ಲಿ 13.0 ವೋಲ್ಟ್, ನೆಗೆಟಿವ್ ಬದಿಯಲ್ಲಿ ಕಳೆಯುವುದು 0.1. ಘಾಟಿಯಲ್ಲಿ ಗೇಜ್ 3.8ರಲ್ಲೇ. ಫುಲ್ ಥ್ರಾಟಲ್ ಕೊಟ್ಟಾಗ ಮಾತ್ರ ಮುಳ್ಳು 3.5ಕ್ಕೆ ಜಾರಿ ಬರುತ್ತಿತ್ತು. ಹೆಚ್ಚಿನವರು ಇಲ್ಲಿಗೇ ಬಿಡುತ್ತಾರೆ. ನನಗೆ ಸಮಾಧಾನವಾಗಲಿಲ್ಲ, ಟ್ಯಾಂಕಿನ ಮುಚ್ಚಳ ತೆಗೆದೇ ನೋಡುವ ಅಂದೆ.

ಟ್ಯಾಂಕ್ ತೆರೆಯುವುದು ಬಯಲಿನಲ್ಲಿ, ನಾಲ್ಕೂ ಬಾಗಿಲು ತೆಗೆದು, ಬ್ಯಾಟರಿ ಬಿಚ್ಚಿ, ಮೊಬೈಲ್ ಮನೆಯೊಳಗೆ ಇಟ್ಟು. ಲಾಕ್ ರಿಂಗ್ ತಿರುಗಿಸಲು ಕಬ್ಬಿಣದ ಉಳಿ ಬೇಡ, ಗಟ್ಟಿ ಮರದ ತುಂಡಿಗೆ ಮೆಲ್ಲಗೆ ಪೆಟ್ಟು. ರಿಂಗ್ ತೆಗೆಯುವ ಮೊದಲು ಸುತ್ತಲಿನ ಮಣ್ಣನ್ನು ಬ್ರಷ್ ಮಾಡಿ ಒರೆಸದಿದ್ದರೆ ಅದೆಲ್ಲ ಸೀದಾ ಟ್ಯಾಂಕಿಗೆ. ಫ್ಲೋಟಿನ ತೋಳು ಬಗ್ಗದ ಹಾಗೆ ಓರೆ ಮಾಡಿ ಮಾಡ್ಯೂಲ್ ಎತ್ತಿದೆ. ಬುಡದ ಸ್ಟ್ರೇನರ್ ಜಾಲಿ ಬಿಳಿ ಇರಬೇಕಾದದ್ದು ಟೀ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು, ಬೆರಳಿಗೆ ನುಣ್ಣನೆಯ ಕೆಸರು. ಒಂದೂವರೆ ವರ್ಷದಲ್ಲಿ ಇಷ್ಟು! ಇಪ್ಪತ್ತು ಪರ್ಸೆಂಟ್ ಎಥನಾಲ್ ಪೆಟ್ರೋಲನ್ನು ಎಲ್ಲದಕ್ಕೂ ಬಯ್ಯುವುದು ಈಗ ರೂಢಿ. ಗಾಡಿ ಆಫ್ ಆದದ್ದಕ್ಕೆ ಅದು ಕಾರಣ ಅಲ್ಲ. ಆದರೆ ಹಳೆ ಟ್ಯಾಂಕಿನ ಗೋಡೆಗೆ ಅಂಟಿದ ಕೊಳೆಯನ್ನು ಎಥನಾಲ್ ಬಿಡಿಸಿ ತರುತ್ತದೆ ಎನ್ನುವುದು ನಿಜ, ಆ ಕೆಸರಿನಲ್ಲಿ ಅದರ ಪಾಲಿದೆ ಅಂತ ನನ್ನ ಲೆಕ್ಕ. ಟ್ಯಾಂಕಿನ ತಳ ಒರೆಸಿ, ಹೊಸ ಸ್ಟ್ರೇನರ್, ಹೊಸ ಓ-ರಿಂಗ್ ಹಾಕಿ ಮುಚ್ಚಿದೆ. ಹಳೆ ಓ-ರಿಂಗ್ ಪೆಟ್ರೋಲ್ ಕುಡಿದು ಉಬ್ಬಿರುತ್ತದೆ, ಮತ್ತೆ ಅದನ್ನೇ ಹಾಕಿದರೆ ಫುಲ್ ಟ್ಯಾಂಕ್ ಮಾಡಿದ ದಿನ ಕ್ಯಾಬಿನ್ ತುಂಬ ವಾಸನೆ. ಈಗ ಫುಲ್ ಥ್ರಾಟಲಿನಲ್ಲೂ 3.8.

ಮೊದಲ ಸಲ ತೆಗೆದ ಹಳೆ ಪಂಪನ್ನು ಭಾವ ಸರ್ವಿಸ್ ಸೆಂಟರಿನಿಂದ ಕೇಳಿ ತಂದು ಶೆಡ್ಡಿನಲ್ಲಿ ಇಟ್ಟಿದ್ದರು. ಅದನ್ನು ಕೈ ಗರಗಸದಲ್ಲಿ ಕೊಯ್ದು ನೋಡಿದೆ. ಗ್ರೈಂಡರ್ ಅಲ್ಲ, ಎಷ್ಟು ಒಣಗಿದರೂ ಒಳಗೆ ಪೆಟ್ರೋಲಿನ ಆವಿ ಇದ್ದೀತು. ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್‌ಗಳು ಅರ್ಧಕ್ಕಿಂತ ಹೆಚ್ಚು ಉಳಿದಿದ್ದವು. ಕಮ್ಯುಟೇಟರಿನಲ್ಲಿ ಬ್ರಷ್ ಓಡಿದ ಗೆರೆ ಬಿದ್ದಿತ್ತು, ಸುಟ್ಟ ಕಲೆ ಇರಲಿಲ್ಲ. ಇಂಪೆಲ್ಲರ್ ಅಂಚಿನಲ್ಲಿ ಗೀರು ಇಲ್ಲ, ಬೆರಳಲ್ಲಿ ದೂಡಿದರೆ ಸಲೀಸಾಗಿ ತಿರುಗುತ್ತದೆ. ಸವೆದಿತ್ತು, ಸತ್ತಿರಲಿಲ್ಲ. ಸವೆದ ಪಂಪಿಗೆ ಆ ಒತ್ತಡ ಎಬ್ಬಿಸಲು ವೋಲ್ಟ್ ಸ್ವಲ್ಪ ಹೆಚ್ಚೇ ಬೇಕು. ಹೊಸದು 11 ವೋಲ್ಟಿನಲ್ಲೂ ಹೇಗೋ ನಿಭಾಯಿಸುತ್ತದೆ. ಹಾಗಾಗಿಯೇ ಪಂಪ್ ಬದಲಿಸಿದ ಕೂಡಲೇ ಗಾಡಿ ಸರಿಹೋದ ಹಾಗೆ ಕಂಡದ್ದು, ತುಕ್ಕು ಇನ್ನೊಂದು ಮಳೆಗಾಲ ಬೆಳೆದ ಮೇಲೆ ಹೊಸದಕ್ಕೂ ಅದೇ ಗತಿ ಬಂದದ್ದು. ಕೆಲವರ ಗಾಡಿಯಲ್ಲಿ ಎರಡು, ಮೂರು ಪಂಪ್ ಬದಲಾಗಿರುವುದರ ಹಿಂದೆಯೂ ಇಂಥದ್ದೇ ಏನಾದರೂ ಇರಬಹುದು.

ಪಂಪ್ ನಿಜವಾಗಿ ಸಾಯುವುದೂ ಉಂಟು, ಅದರ ಗುರುತೇ ಬೇರೆ. ಕನೆಕ್ಟರಿನಲ್ಲಿ 13 ವೋಲ್ಟ್ ಇದ್ದೂ ಒತ್ತಡ ಇಲ್ಲದಿದ್ದರೆ, ಅಥವಾ ಗಾಡಿ ನಿಂತಾಗ ಟ್ಯಾಂಕಿನ ಅಡಿಗೆ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದರೆ ಸ್ಟಾರ್ಟ್ ಆಗುವುದಾದರೆ, ಬ್ರಷ್ ಮುಗಿದಿರುವ ಸಾಧ್ಯತೆ ಹೆಚ್ಚು, ಬದಲಿಸಿ. ರಸ್ತೆಯಲ್ಲಿ ನಿಂತಾಗ ಹಾರ್ನಿನ ರಿಲೇಯೂ ಪಂಪಿನದ್ದೂ ಒಂದೇ ನಂಬರಿನದ್ದಾದರೆ ಅದಲು ಬದಲು ಮಾಡಿ ನೋಡಬಹುದು, ರಿಲೇ ಕೆಟ್ಟಿದ್ದರೆ ಅಲ್ಲೇ ತಿಳಿಯುತ್ತದೆ. ಭಾವನ ಡ್ಯಾಶ್‌ಬೋರ್ಡಿನಲ್ಲಿ ಈಗ ಒಂದು ಸ್ಪೇರ್ ರಿಲೇ ಇದೆ.

ಖರ್ಚು: ಸ್ಟ್ರೇನರ್ 450, ಓ-ರಿಂಗ್ 280, ಲಗ್, ವೈರ್, ವಾಷರ್ ಎಲ್ಲ ಸೇರಿ ನೂರೈವತ್ತರ ಒಳಗೆ. ಗೇಜ್ ಮತ್ತು ಹೋಸ್ ನನ್ನ ಬಳಿಯೇ ಉಳಿಯಿತು, ಅದರ ಲೆಕ್ಕ ಭಾವನಿಗೆ ಹಾಕಲಿಲ್ಲ. ಮಾಡ್ಯೂಲ್ ವಾಪಸ್ ಕೂರಿಸಿದ ಮೇಲೆ ಪೆಟ್ರೋಲ್ ಮುಳ್ಳು ಕಾಲು ಟ್ಯಾಂಕಿನಲ್ಲಿ ಸ್ವಲ್ಪ ಹೆಚ್ಚು ತೋರಿಸುತ್ತಿದೆ, ಎಷ್ಟು ಜಾಗ್ರತೆ ಮಾಡಿದರೂ ಫ್ಲೋಟಿನ ತೋಳು ಕೂದಲೆಳೆ ಬಗ್ಗಿರಬೇಕು. ಅದಕ್ಕಾಗಿ ಈಗಲೇ ಮತ್ತೆ ಟ್ಯಾಂಕ್ ತೆರೆಯುವುದಿಲ್ಲ. ಅಲ್ಲಿಯವರೆಗೆ ಅರ್ಧಕ್ಕೆ ಬಂದಾಗಲೇ ಬಂಕಿಗೆ ಹೋಗಿ ಅಂತ ಭಾವನಿಗೆ ಹೇಳಿದ್ದೇನೆ, ಗಾಡಿಯನ್ನು ಮಾವಿನ ಮರದ ಕೆಳಗಿಂದ ತೆಗೆಯಿರಿ ಅಂತಲೂ. ಮೊದಲನೆಯದನ್ನು ಒಪ್ಪಿದ್ದಾರೆ.